ಕ್ಲೌನ್ ಮೀನಿನ ಮೈಮೇಲೆ ಬಿಳಿ ಚುಕ್ಕಿ

ಪ್ರಶ್ನೆ: ನಮ್ಮ ಉಪ್ಪುನೀರಿನ ಟ್ಯಾಂಕಿನ ಕ್ಲೌನ್ ಮೀನಿಗೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕಿಗಳು ಬಂದಿವೆ. ಹವಳಗಳಿರುವ ಅದೇ ಟ್ಯಾಂಕಿಗೆ ತಾಮ್ರದ ಔಷಧಿ ಹಾಕಬಹುದಾ?

ಉತ್ತರ: ದಯವಿಟ್ಟು ಬೇಡ! ತಾಮ್ರ ಹವಳ, ಸೀಗಡಿಗಳನ್ನು ಕೊಲ್ಲುತ್ತದೆ. ಇದು ಬಹುಶಃ ಮರೈನ್ ಇಕ್, ಅಂದರೆ ಒಂದು ಪರಾವಲಂಬಿಯಿಂದ ಉಪ್ಪುನೀರಿನ ಮೀನುಗಳಿಗೆ ಬರುವ ಬಿಳಿ ಚುಕ್ಕಿ ರೋಗ. ಚುಕ್ಕಿ ಇಲ್ಲದವನ್ನೂ ಸೇರಿಸಿ ಎಲ್ಲ ಮೀನುಗಳನ್ನೂ ಬೇರೆ ಕ್ವಾರಂಟೈನ್ ಟ್ಯಾಂಕಿಗೆ ಬಿಡಿ. ಅಲ್ಲಿ ಕಲ್ಲು, ಮರಳು ಹಾಕಬೇಡಿ, ತಾಮ್ರವನ್ನು ಅವೇ ಹೀರಿಕೊಳ್ಳುತ್ತವೆ. ಅಡಗಲು ಪಿವಿಸಿ ಪೈಪ್ ತುಂಡು ಸಾಕು. ತಾಮ್ರದ ಔಷಧಿಯನ್ನು ಈ ಟ್ಯಾಂಕಿಗೆ ಹಾಕಿ, ಲೇಬಲ್ ಹೇಳಿದ ತಾಮ್ರದ ಮಟ್ಟವನ್ನು ಟೆಸ್ಟ್ ಕಿಟ್‌ನಲ್ಲಿ ದಿನಾ ನೋಡಿಕೊಂಡು 30 ದಿನ ಕಾಪಾಡಿ. ಅಮೋನಿಯಾ ಏರಿದರೆ ನೀರು ಬದಲಿಸಿ. ನಡುವೆ ಚುಕ್ಕಿ ಮಾಯವಾಯಿತೆಂದು ಸುಮ್ನೆ ನಿಲ್ಲಿಸಬೇಡಿ, ಆ ಪರಾವಲಂಬಿ ಮೀನಿನಿಂದ ಉದುರಿ ತಳದಲ್ಲಿ ಗೂಡು ಕಟ್ಟಿಕೊಂಡು ಅದರೊಳಗೇ ಜಾಸ್ತಿಯಾಗುತ್ತಿರುತ್ತದೆ, ಮರಿಗಳು ಹೊರಬಂದು ಈಜುವಾಗ ಮಾತ್ರ ತಾಮ್ರಕ್ಕೆ ಸಿಗುತ್ತವೆ. ಅಲ್ಲಿ ಉಳಿದ ಪರಾವಲಂಬಿ ಮೀನು ಸಿಗದೆ ಸಾಯಲೆಂದು ಹಳೇ ಟ್ಯಾಂಕ್ 76 ದಿನ ಮೀನಿಲ್ಲದೆ ಇರಲಿ.