ಚೆಂಡು ಕೇಳಿದ ಪ್ರಶ್ನೆ: ಸೋತು ಬಂದ ತಂಡಕ್ಕೆ ಕಪ್ ಸಿಗುತ್ತಾ?

ಪ್ರಶ್ನೆ: ಸರ್, ನಾನು ಬ್ರೆಜಿಲ್‌ನ ಕಟ್ಟಾ ಅಭಿಮಾನಿ. 2026ರ ಫುಟ್‌ಬಾಲ್ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ನಮ್ಮವರು 18 ಪಂದ್ಯಗಳಲ್ಲಿ 6 ಸೋತು 5ನೇ ಸ್ಥಾನಕ್ಕೆ ಇಳಿದರು. ಅರ್ಜೆಂಟೀನಾ 4-1ರಿಂದ ಬಡಿಯಿತು. ಆಮೇಲೆ ಜಪಾನ್ ಎದುರೂ ಸೋತರು. ಗೆಳೆಯರೆಲ್ಲ ಆಡಿಕೊಂಡು ನಗುತ್ತಿದ್ದಾರೆ. ಆಸೆ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಗೆಳೆಯರಿಗೆ 2002ರ ಕಥೆ ಹೇಳಿ. ಆ ಸಲದ ಅರ್ಹತಾ ಸುತ್ತಿನಲ್ಲೂ ಬ್ರೆಜಿಲ್ 18ರಲ್ಲಿ 6 ಸೋತಿತ್ತು. ಲೆಕ್ಕ ಸರಿಯಾಗಿ ಅಷ್ಟೇ! ಕೋಚ್ ಲಕ್ಸೆಂಬರ್ಗೊ ಹೋದರು, ಲೆಯಾವೊ ಬಂದು ಹೋದರು, 2001ರ ಜೂನ್‌ನಲ್ಲಿ ಸ್ಕೊಲಾರಿ ಬಂದರು. ಬಂದವರೇ ಮೊದಲ ಪಂದ್ಯ ಉರುಗ್ವೆಗೆ ಸೋತರು. ಅದೇ ಜುಲೈನಲ್ಲಿ ಕೋಪಾ ಅಮೆರಿಕ ಟೂರ್ನಿಯಲ್ಲಿ ಹೊಂಡುರಾಸ್ 2-0ಯಿಂದ ಮನೆಗೆ ಕಳಿಸಿತು. ವಿಶ್ವಕಪ್ ಟಿಕೆಟ್ ಸಿಕ್ಕಿದ್ದು ಕೊನೆಯ ಪಂದ್ಯದಲ್ಲಿ, ವೆನೆಜುವೆಲಾವನ್ನು ಸೋಲಿಸಿದ ಮೇಲೆ.

ಇಷ್ಟು ಸಾಲದು ಅಂತ, ರೊಮಾರಿಯೊ ಬೇಕು ಅಂತ ದೇಶವೇ ಕೂಗಿದರೂ ಸ್ಕೊಲಾರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊಣಕಾಲು ಕೈಕೊಟ್ಟು ಅರ್ಹತಾ ಸುತ್ತಿನ ಒಂದು ಪಂದ್ಯವನ್ನೂ ಆಡದ ರೊನಾಲ್ಡೊನನ್ನು ಕರೆದುಕೊಂಡು ಹೋದರು. ಮೊದಲ ಪಂದ್ಯದ ಹಿಂದಿನ ದಿನ ನಾಯಕ ಎಮರ್ಸನ್ ಅಭ್ಯಾಸದಲ್ಲಿ ತಮಾಷೆಗೆ ಗೋಲ್‌ಕೀಪರ್ ಆಗಿ ನಿಂತ. ಚೆಂಡಿಗೆ ಹಾರಿದ, ಭುಜದ ಕೀಲು ತಪ್ಪಿತು, ಟೂರ್ನಿಯೇ ಮುಗಿಯಿತು. ಕಫು ನಾಯಕನಾದ. ಆ ತಂಡವೇ ಏಳಕ್ಕೆ ಏಳೂ ಪಂದ್ಯ ಗೆದ್ದು ಯೊಕೊಹಾಮಾದಲ್ಲಿ ಕಪ್ ಎತ್ತಿತು. ರೊನಾಲ್ಡೊ ಹೊಡೆದದ್ದು 8 ಗೋಲು.

ಆ ಫೈನಲ್‌ನಲ್ಲಿ ಎದುರಿಗಿದ್ದವರಾದರೂ ಯಾರು? ಜರ್ಮನಿ. ಹತ್ತು ತಿಂಗಳ ಹಿಂದೆ ಮ್ಯೂನಿಕ್‌ನಲ್ಲಿ, ಸ್ವಂತ ಜನರ ಮುಂದೆ, ಇಂಗ್ಲೆಂಡ್‌ಗೆ 5-1ರಿಂದ ಸೋತವರು. ಕೊನೆಯ ಅವಕಾಶದ ಪ್ಲೇಆಫ್ ಆಡಿ ಒಳಗೆ ಬಂದವರು. ಇತ್ತ ದಕ್ಷಿಣ ಅಮೆರಿಕದಲ್ಲಿ 18ರಲ್ಲಿ ಒಂದೇ ಒಂದು ಸೋತು ಮೊದಲ ಸ್ಥಾನಕ್ಕೆ ಬಂದಿದ್ದ ಅರ್ಜೆಂಟೀನಾ ಗುಂಪು ಹಂತದಲ್ಲೇ ಗಂಟುಮೂಟೆ ಕಟ್ಟಿತು. ಹಾಲಿ ಚಾಂಪಿಯನ್ ಫ್ರಾನ್ಸ್ ಒಂದು ಗೋಲೂ ಹೊಡೆಯದೆ ವಾಪಸ್ ಹೋಯಿತು. ಫಾರ್ಮ್ ನೋಡಿ ಬಾಜಿ ಕಟ್ಟಿದವರ ಕಥೆ ಆ ವರ್ಷ ಏನಾಗಿರಬೇಡ!

ಪ್ರಶ್ನೆ: ಹಾಗಾದರೆ ಟೂರ್ನಿಗೆ ಮುಂಚಿನ ಸೋಲುಗಳು ಲೆಕ್ಕಕ್ಕೇ ಇಲ್ಲವಾ? ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ವಾ ಇದು?

ಉತ್ತರ: ಸಿಕ್ಕಿಹಾಕಿಸಿದಿರಿ. ಲೆಕ್ಕಕ್ಕೆ ಇವೆ. ಆದರೆ ಸ್ಕೋರ್ ನೋಡಿದರೆ ಅದು ಗೊತ್ತಾಗುವುದಿಲ್ಲ, ಹೇಗೆ ಸೋತರು ಅಂತ ನೋಡಬೇಕು.

2018ರ ಜರ್ಮನಿಯನ್ನೇ ತೆಗೆದುಕೊಳ್ಳಿ. ಅರ್ಹತಾ ಸುತ್ತಿನಲ್ಲಿ ಹತ್ತಕ್ಕೆ ಹತ್ತು ಗೆಲುವು. ಆಮೇಲೆ ಸೌಹಾರ್ದ ಪಂದ್ಯಗಳಲ್ಲಿ ಇಂಗ್ಲೆಂಡ್, ಫ್ರಾನ್ಸ್, ಸ್ಪೇನ್ ಜೊತೆ ಡ್ರಾ, ಬ್ರೆಜಿಲ್‌ಗೆ ಸೋಲು, ಆಸ್ಟ್ರಿಯಾಕ್ಕೂ ಸೋಲು. ಸೌದಿ ಅರೇಬಿಯಾವನ್ನು 2-1ರಿಂದ ಗೆದ್ದದ್ದೂ ಏದುಸಿರು ಬಿಡುತ್ತಾ. 'ಟೂರ್ನಿ ಶುರುವಾದರೆ ಜರ್ಮನ್ನರು ತಾನಾಗಿಯೇ ಸರಿಹೋಗುತ್ತಾರೆ' ಅಂತ ಎಲ್ಲರೂ ಅಂದರು. ನಾನೂ ಹೌದು ಅಂತ ತಲೆಯಾಡಿಸಿದವನೇ.

ಮೆಕ್ಸಿಕೊ ಎದುರಿನ ಮೊದಲ ಪಂದ್ಯದ 35ನೇ ನಿಮಿಷವನ್ನು ಸಿಕ್ಕರೆ ಇನ್ನೊಮ್ಮೆ ನೋಡಿ. ಜರ್ಮನಿ ದಾಳಿಯಲ್ಲಿ ಚೆಂಡು ಕಳೆದುಕೊಳ್ಳುತ್ತದೆ. ಡಿಫೆಂಡರ್ ಹುಮ್ಮೆಲ್ಸ್ ಎಲ್ಲೋ ಮುಂದೆ ನುಗ್ಗಿ ಹೋಗಿದ್ದಾನೆ, ಅವನ ಬೆನ್ನ ಹಿಂದೆ ಮೈದಾನವೇ ಖಾಲಿ. ಮೆಕ್ಸಿಕೊದ ಹೆರ್ನಾಂಡೆಸ್ ಚೆಂಡು ಹಿಡಿದು ಓಡುತ್ತಾನೆ, ಎಡಕ್ಕೆ ಲೊಸಾನೊಗೆ ಕೊಡುತ್ತಾನೆ. ಆಗ ಲೊಸಾನೊನನ್ನು ತಡೆಯಲು ಪೆನಾಲ್ಟಿ ಬಾಕ್ಸ್‌ನಲ್ಲಿ ಇರುವವನು ಯಾರು ಗೊತ್ತಾ? ಮೆಸುಟ್ ಓಜಿಲ್! ಪಾಸ್ ಕೊಡುವುದಕ್ಕೆ ಹುಟ್ಟಿದ ಆಟಗಾರ, ಅಲ್ಲಿ ಡಿಫೆಂಡರ್ ಕೆಲಸ ಮಾಡುತ್ತಿದ್ದಾನೆ. ಲೊಸಾನೊ ಅವನನ್ನು ತಪ್ಪಿಸಿ ಒಳಗೆ ತಿರುಗಿದ, ಹೊಡೆದ, ಗೋಲು. ಜರ್ಮನಿ ಗುಂಪಿನಲ್ಲಿ ಕೊನೆಯ ಸ್ಥಾನ ಪಡೆಯಿತು.

ಹಾಗಾಗಿ ಅಭ್ಯಾಸ ಪಂದ್ಯ ನೋಡುವಾಗ ನಾನು ಒಂದೇ ಒಂದು ವಿಷಯದ ಮೇಲೆ ಕಣ್ಣಿಡುತ್ತೇನೆ. ಚೆಂಡು ಕಳೆದುಕೊಂಡ ಮರುಕ್ಷಣ ತಂಡ ಏನು ಮಾಡುತ್ತದೆ? ಎಲ್ಲರೂ ಹಿಂದೆ ಓಡುತ್ತಾರಾ, ಇಲ್ಲಾ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರಾ? ನಿಂತರೆ ಅದು ವಾರದಲ್ಲಿ ವಾಸಿಯಾಗುವ ಕಾಯಿಲೆಯಲ್ಲ.

ನಮ್ಮ ಬ್ರೆಜಿಲ್ ಅಭಿಮಾನಿಗಳು ಟೋಕಿಯೋದಲ್ಲಿ ಜಪಾನ್ ಎದುರಿನ ಸೋಲನ್ನೂ ಹೀಗೇ ನೋಡಲಿ. 2025ರ ಅಕ್ಟೋಬರ್‌ನಲ್ಲಿ ದಕ್ಷಿಣ ಕೊರಿಯಾವನ್ನು 5-0ಯಿಂದ ಸೋಲಿಸಿದ ತಂಡದಲ್ಲಿ ಹೆಚ್ಚಿನವರನ್ನು ಕೂರಿಸಿ ಕೋಚ್ ಆಂಚೆಲೊಟ್ಟಿ ಬೇರೆಯವರನ್ನು ಇಳಿಸಿದ್ದರು. ಡಿಫೆಂಡರ್‌ಗಳಾದ ಮಿಲಿಟಾವೊ, ಗ್ಯಾಬ್ರಿಯೆಲ್ ಜಾಗದಲ್ಲಿ ಫಾಬ್ರಿಸಿಯೊ ಬ್ರೂನೊ, ಬೆರಾಲ್ಡೊ. 2-0 ಮುಂದಿದ್ದಾಗ ಬ್ರೂನೊ ಚೆಂಡನ್ನು ನೇರ ಎದುರಾಳಿ ಮಿನಾಮಿನೊ ಕಾಲಿಗೇ ಕೊಟ್ಟ. ಅಲ್ಲಿಂದ ಆಟವೇ ತಿರುಗಿ 3-2. ಜಪಾನ್‌ಗೆ ಬ್ರೆಜಿಲ್ ಸೋತದ್ದು ಅದೇ ಮೊದಲು, ನಾಚಿಕೆ ಆಗುವುದು ಸಹಜ. ಆದರೆ ಎರಡನೇ ಸಾಲಿನವರನ್ನು ಪರೀಕ್ಷೆಗೆ ಹಚ್ಚಿ ಸೋತ ಸೋಲು ಅದು. ನನಗೆ ಜಾಸ್ತಿ ಚಿಂತೆ ಇರುವುದು ಬ್ಯೂನಸ್ ಐರಿಸ್‌ನಲ್ಲಿ ಅರ್ಜೆಂಟೀನಾ ಎದುರಿನ 4-1ರ ಬಗ್ಗೆ. ಅಲ್ಲಿ ಆಡಿದ್ದು ವಿನಿಸಿಯಸ್, ರಫಿನ್ಯಾ, ಮಾರ್ಕಿನ್ಯೋಸ್ ಇದ್ದ ಮೊದಲ ಸಾಲಿನವರೇ.

ಪ್ರಶ್ನೆ: ಟೂರ್ನಿ ಹೊಸ್ತಿಲಲ್ಲಿದ್ದಾಗ ಕೋಚ್‌ನನ್ನು ಬದಲಾಯಿಸಿದರೆ ಪ್ರಯೋಜನ ಇದೆಯಾ?

ಉತ್ತರ: ಹೊಸ್ತಿಲು ಬಿಡಿ, ನಡುಮನೆಯಲ್ಲೇ ಬದಲಾಯಿಸಿ ಗೆದ್ದವರಿದ್ದಾರೆ. 2024ರ ಆರಂಭದಲ್ಲಿ ಆಫ್ರಿಕಾ ಕಪ್‌ಗೆ ಐವರಿ ಕೋಸ್ಟ್ ಆತಿಥೇಯ. ಗುಂಪು ಹಂತದ ಕೊನೆಯ ಪಂದ್ಯದಲ್ಲಿ ಇಕ್ವಟೋರಿಯಲ್ ಗಿನಿಗೆ 4-0ಯಿಂದ ಸೋತರು. ಕೋಚ್ ಗಾಸೆ ಹೊರಗೆ. ಫ್ರಾನ್ಸ್ ಮಹಿಳಾ ತಂಡದ ಕೋಚ್ ರೆನಾರ್ ಅವರನ್ನು ಸ್ವಲ್ಪ ದಿನಕ್ಕೆ ಎರವಲು ಕೊಡಿ ಅಂತ ಕೇಳಿದರು, ಫ್ರಾನ್ಸ್‌ನವರು ಆಗಲ್ಲ ಅಂದರು. ಕೊನೆಗೆ ಸಹಾಯಕನಾಗಿದ್ದ ಎಮೆರ್ಸ್ ಫಾಯೆ ಕೈಗೆ ತಂಡ ಬಂತು. ಗುಂಪಿನಲ್ಲಿ ಮೂರನೇ ಸ್ಥಾನ ಪಡೆದೂ ಮುಂದೆ ಹೋದವರಲ್ಲಿ ಕಟ್ಟಕಡೆಯವರಾಗಿ ನಾಕೌಟ್‌ಗೆ ನುಸುಳಿ, ಫೈನಲ್‌ನಲ್ಲಿ ನೈಜೀರಿಯಾವನ್ನು 2-1ರಿಂದ ಸೋಲಿಸಿ ಕಪ್ ಹೊಡೆದರು. ಗೆಲುವಿನ ಗೋಲು, ಕ್ಯಾನ್ಸರ್ ಗೆದ್ದು ಬಂದ ಸೆಬಾಸ್ಟಿಯನ್ ಹಾಲೆರ್‌ನದ್ದು.

ಇದನ್ನು ನೋಡಿ ಎಲ್ಲರೂ ಕೋಚ್‌ಗಳನ್ನು ಓಡಿಸಲು ಹೊರಡಬೇಡಿ ಮಾರಾಯ್ರೇ. 2018ರಲ್ಲಿ ಸ್ಪೇನ್ ತನ್ನ ಮೊದಲ ಪಂದ್ಯಕ್ಕೆ ಎರಡು ದಿನ ಇದ್ದಾಗ ಲೊಪೆಟೆಗಿಯನ್ನು ತೆಗೆಯಿತು. ಪ್ರೀ ಕ್ವಾರ್ಟರ್‌ನಲ್ಲೇ ರಷ್ಯಾ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಮುಗ್ಗರಿಸಿತು.

ಪ್ರಶ್ನೆ: ತಂಡ ಸೋಲುತ್ತಿರುವಾಗ ಪತ್ರಿಕೆಯವರು ಉಪ್ಪು ಖಾರ ಹಚ್ಚಿ ಬರೆದರೆ ಆಟಗಾರರ ಮನಸ್ಸು ಕುಗ್ಗುವುದಿಲ್ಲವೇ?

ಉತ್ತರ: ಕೆಲವರು ಕುಗ್ಗುತ್ತಾರೆ, ಕೆಲವರು ಕೆರಳುತ್ತಾರೆ. 1982ರ ವಿಶ್ವಕಪ್ ಗೆದ್ದ ಇಟಲಿ ಕೆರಳಿದ ತಂಡ. ಗುಂಪು ಹಂತದ ಮೂರೂ ಪಂದ್ಯ ಡ್ರಾ. ಕ್ಯಾಮೆರೂನ್‌ಗೂ ಅಷ್ಟೇ ಅಂಕ, ಇಟಲಿ ಒಂದು ಗೋಲು ಹೆಚ್ಚು ಹೊಡೆದಿದ್ದಕ್ಕೆ ಬಚಾವ್. ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ಎರಡು ವರ್ಷ ನಿಷೇಧ ಅನುಭವಿಸಿ ಆಗಷ್ಟೇ ಮರಳಿದ್ದ ಪಾವ್ಲೊ ರೊಸ್ಸಿಗೆ ಮೊದಲ ನಾಲ್ಕು ಪಂದ್ಯಗಳಲ್ಲಿ ಒಂದೂ ಗೋಲಿಲ್ಲ. ಕೋಚ್ ಬೆಯರ್ಜೊಟ್ ಅವನನ್ನು ಕೈಬಿಡಲಿಲ್ಲ. ಐದನೆಯದರಲ್ಲಿ ಬ್ರೆಜಿಲ್ ಎದುರು ಮೂರು, ಪೋಲೆಂಡ್ ಎದುರು ಎರಡು, ಫೈನಲ್‌ನಲ್ಲಿ ಒಂದು.

ಪತ್ರಿಕೆಯವರ ಬೈಗುಳ ಕೇಳಿ ಕೇಳಿ ಸಾಕಾಗಿ ಆಟಗಾರರು ಅವರ ಜೊತೆ ಮಾತೇ ಬಿಟ್ಟಿದ್ದರು. ಮಾತನಾಡಲು ಒಬ್ಬ ನಾಯಕನನ್ನು ಮಾತ್ರ ಕಳಿಸುತ್ತಿದ್ದರು. ಅವನು ನಲವತ್ತು ವರ್ಷದ ಗೋಲ್‌ಕೀಪರ್ ದಿನೊ ಜೋಫ್. ಆಸಾಮಿ ಮೊದಲೇ ಬಾಯಿ ಬಿಡುವವನಲ್ಲ. ವರದಿಗಾರರ ಪಾಡು ನೀವೇ ಊಹಿಸಿಕೊಳ್ಳಿ.