ಪ್ಲೇಟ್‌ಲೆಟ್ ಬೇಕಾದಷ್ಟಿದೆ, ರಕ್ತ ಮಾತ್ರ ನಿಲ್ಲಲ್ಲ

ನಮಸ್ಕಾರ ಅಮ್ಮ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ವಿಷಯ ಇಷ್ಟು: ಮಗಳಿಗೆ 14 ವರ್ಷ. ಚಿಕ್ಕಂದಿನಿಂದಲೂ ಆಗಾಗ ಮೂಗಿನಲ್ಲಿ ರಕ್ತ. ಹಲ್ಲು ಕೀಳಿಸಿದ ದಿನ ನೀವು ರಾತ್ರಿಯೆಲ್ಲ ಹತ್ತಿ ಬದಲಾಯಿಸುತ್ತ ಕೂತಿದ್ದಿರಿ. ಈಗ ಮುಟ್ಟು ಶುರುವಾಗಿದೆ, ಪ್ರತಿ ಸಲವೂ 9-10 ದಿನ ಹೋಗುತ್ತದೆ. ಪರೀಕ್ಷೆ ಮಾಡಿಸಿದರೆ, ರಕ್ತ ನಿಲ್ಲಿಸುವ ಸಣ್ಣ ಕಣಗಳು, ಅಂದರೆ ಪ್ಲೇಟ್‌ಲೆಟ್ 2,60,000 ಬಂತು, ಕೌಂಟ್ ಚೆನ್ನಾಗಿದೆ ಎಂದು ಮನೆಗೆ ಕಳಿಸಿದರು. "ಎಲ್ಲಾ ಸರಿ ಇದ್ರೆ ರಕ್ತ ಯಾಕೆ ನಿಲ್ಲಲ್ಲ ಸಾರ್?" ಎಂದು ಕೇಳಿದ್ದೀರಿ.

ಸರಿಯಾದ ಪ್ರಶ್ನೆ. ಡೆಂಗಿ ಬಂದಾಗಿನಿಂದ ನಮಗೆಲ್ಲ ಪ್ಲೇಟ್‌ಲೆಟ್ ಎಂದರೆ ಕೌಂಟ್ ಒಂದೇ ಆಗಿಬಿಟ್ಟಿದೆ, ಅಲ್ವಾ? ಕೌಂಟ್ ಹೇಳುವುದು ಅವು ಎಷ್ಟಿವೆ ಎಂದಷ್ಟೇ. ಗಾಯದ ಜಾಗದಲ್ಲಿ ಅವು ಅಂಟಿಕೊಳ್ಳುತ್ತವಾ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ.

ರಕ್ತನಾಳದ ಒಳಗೋಡೆ ನುಣುಪಾಗಿರುತ್ತದೆ, ಪ್ಲೇಟ್‌ಲೆಟ್‌ಗಳು ಅದನ್ನು ಸವರಿಕೊಂಡು ಸುಮ್ನೆ ಹರಿದು ಹೋಗುತ್ತಿರುತ್ತವೆ. ನಾಳ ಹರಿದರೆ ಆ ಪದರದ ಕೆಳಗಿರುವ ಕೊಲಾಜೆನ್ ಎಂಬ ನಾರು ಹೊರಗೆ ಕಾಣುತ್ತದೆ. ಅದನ್ನು ಹಿಡಿದು ನಿಲ್ಲಬೇಕು. ಆದರೆ ಸಣ್ಣ ನಾಳಗಳಲ್ಲಿ ಸೆಳವು ಜೋರು. ತುಂಬಿದ ಹೊಳೆಯಲ್ಲಿ ತೇಲಿ ಬಂದ ಎಲೆ ತಾನಾಗಿ ದಡಕ್ಕೆ ಅಂಟಿ ನಿಲ್ಲುತ್ತದೆಯೇ? ಪ್ಲೇಟ್‌ಲೆಟ್‌ಗೂ ಅದೇ ಕಷ್ಟ. ಇಲ್ಲಿ ಅದರ ಕೈ ಹಿಡಿಯುವುದು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನ್.

ಇದರ ಕೆಲಸ ನೋಡಿದರೆ ನನಗೆ ಈಗಲೂ ಬೆರಗಾಗುತ್ತದೆ. ರಕ್ತದಲ್ಲಿ ಇದು ನೂಲಿನ ಉಂಡೆಯ ಹಾಗೆ ಸುತ್ತಿಕೊಂಡು ತಿರುಗುತ್ತಿರುತ್ತದೆ, ಆಗ ಯಾರ ತಂಟೆಗೂ ಹೋಗುವುದಿಲ್ಲ. ಗಾಯದ ಜಾಗಕ್ಕೆ ಬಂದಾಗ ಅದರ ಒಂದು ಭಾಗ ಕೊಲಾಜೆನ್‌ಗೆ ಕಚ್ಚಿಕೊಳ್ಳುತ್ತದೆ, ಉಳಿದದ್ದನ್ನು ರಕ್ತದ ಸೆಳವೇ ಎಳೆದು ಬಿಚ್ಚಿ ಉದ್ದ ದಾರ ಮಾಡುತ್ತದೆ. ದಾರ ಬಿಚ್ಚಿಕೊಂಡಾಗ ಒಳಗೆ ಅಡಗಿದ್ದ ಕೊಂಡಿಗಳು ಹೊರಗೆ ಬರುತ್ತವೆ. ಹೊಲದ ಬದುವಿನಲ್ಲಿ ನಡೆದರೆ ಸೀರೆಯ ಅಂಚಿಗೆ ಉತ್ತರಾಣಿ ಹತ್ತುತ್ತದಲ್ಲ, ಹಾಗೆ ಪ್ಲೇಟ್‌ಲೆಟ್‌ಗಳು ಆ ಕೊಂಡಿಗಳಿಗೆ ಹತ್ತಿಕೊಳ್ಳುತ್ತವೆ. ಮೊದಲು ಹಿಡಿದು, ಬಿಟ್ಟು, ಮತ್ತೆ ಹಿಡಿದು ನಿಧಾನಕ್ಕೆ ಉರುಳುತ್ತವೆ, ಆಮೇಲೆ ಗಟ್ಟಿಯಾಗಿ ಕೂರುತ್ತವೆ. ಆಮೇಲೆ ಫೈಬ್ರಿನೋಜೆನ್ ಎಂಬ ಇನ್ನೊಂದು ಪ್ರೋಟೀನ್ ಒಂದು ಪ್ಲೇಟ್‌ಲೆಟ್ಟನ್ನು ಇನ್ನೊಂದಕ್ಕೆ ಕಟ್ಟುತ್ತದೆ, ಮೇಲೆ ಬಲೆ ಹೆಣೆಯುತ್ತದೆ. ಮೊದಲ ದಾರವೇ ಕಡಿಮೆ ಇದ್ದರೆ, ಅಥವಾ ಅದರಲ್ಲಿ ದೋಷವಿದ್ದರೆ, ಪ್ಲೇಟ್‌ಲೆಟ್ ಎಷ್ಟಿದ್ದೂ ಏನು ಪ್ರಯೋಜನ? ಇದಕ್ಕೇ ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಎನ್ನುತ್ತಾರೆ.

ಈ ಹೆಸರು ಬಂದದ್ದು ಫಿನ್‌ಲ್ಯಾಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಅವರಿಂದ. 1924ರಲ್ಲಿ ಓಲಾಂಡ್ ದ್ವೀಪಗಳಿಂದ 5 ವರ್ಷದ ಹುಡುಗಿಯೊಬ್ಬಳನ್ನು ಅವರ ಹತ್ತಿರ ಕರೆತಂದರು. ಅವಳ ಅಕ್ಕತಂಗಿಯರಲ್ಲಿ ಕೆಲವರು ಆಗಲೇ ರಕ್ತ ಹೋಗಿ ತೀರಿಕೊಂಡಿದ್ದರು. ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಆ ಕುಟುಂಬದ ಬಗ್ಗೆ ಬರೆದರು: ಪ್ಲೇಟ್‌ಲೆಟ್ ಸಂಖ್ಯೆ ಸರಿಯಿದೆ, ರಕ್ತ ನಿಲ್ಲಲು ಮಾತ್ರ ತುಂಬ ಹೊತ್ತು ಬೇಕು, ಹೆಣ್ಣುಮಕ್ಕಳಿಗೂ ಬರುತ್ತದೆ. ಆ ಹುಡುಗಿ 13ನೇ ವಯಸ್ಸಿನಲ್ಲಿ ನಾಲ್ಕನೇ ಮುಟ್ಟಿನ ರಕ್ತಸ್ರಾವದಿಂದಲೇ ತೀರಿಹೋದಳು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಅಂದು ಔಷಧಿ ಇರಲಿಲ್ಲ, ಇಂದು ಇದೆ. "ಹೆಣ್ಣುಮಕ್ಕಳಿಗೆ ಇದೆಲ್ಲ ಇದ್ದದ್ದೇ" ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ನಾನು ಡಾಕ್ಟರಲ್ಲ, ಮಗಳಿಗೆ ಈ ಕಾಯಿಲೆಯೇ ಇದೆ ಎಂದು ಹೇಳಲಾರೆ. ಆದರೆ ಮೂಗು, ವಸಡು, ಮುಟ್ಟು, ಈ ಮೂರೂ ಕಡೆ ರಕ್ತ ಜಾಸ್ತಿ ಹೋಗುತ್ತಿದ್ದರೆ ರಕ್ತರೋಗ ತಜ್ಞರು, ಅಂದರೆ ಹೆಮಟಾಲಜಿಸ್ಟ್, ಒಮ್ಮೆ ನೋಡಲೇಬೇಕು. ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಷ್ಟಿದೆ, ಅದು ಕೆಲಸ ಮಾಡುತ್ತಿದೆಯಾ, ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಇನ್ನೊಂದು ಪ್ರೋಟೀನ್ ಎಷ್ಟಿದೆ ಎಂದು ನೋಡುವ ಪರೀಕ್ಷೆಗಳಿವೆ. ಫ್ಯಾಕ್ಟರ್ 8 ಯಾಕೆಂದರೆ ಅದನ್ನು ರಕ್ತದಲ್ಲಿ ಕಾಪಾಡಿಕೊಂಡು ತಿರುಗುವುದೂ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರೇ. ಜ್ವರ, ಗಾಬರಿ, ಬಸಿರು ಇದ್ದಾಗ ಇದರ ಮಟ್ಟ ಏರುತ್ತದೆ. ಓ ಗುಂಪಿನ ರಕ್ತದವರಲ್ಲಿ ಸಹಜವಾಗಿಯೇ ಸ್ವಲ್ಪ ಕಡಿಮೆ. ಹಾಗಾಗಿ ಒಂದು ಸಲ ಸರಿ ಬಂದರೂ ಮತ್ತೊಮ್ಮೆ ಮಾಡಿಸಿ ಎನ್ನಬಹುದು, ಬೇಸರ ಮಾಡಿಕೊಳ್ಳಬೇಡಿ.

ನೀವು ಮತ್ತು ಯಜಮಾನರು ಸೋದರ ಸಂಬಂಧದಲ್ಲಿ ಮದುವೆಯಾದವರು ಎಂದು ಬರೆದಿದ್ದೀರಿ. ಅದನ್ನು ಡಾಕ್ಟರಿಗೆ ಹೇಳಿ. ಈ ಕಾಯಿಲೆಯ ತೀವ್ರ ಬಗೆ ಬರುವುದು ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ, ಸಂಬಂಧದಲ್ಲಿ ಮದುವೆಯಾದಾಗ ಅದರ ಸಾಧ್ಯತೆ ಹೆಚ್ಚು. ಇದರಲ್ಲಿ ಯಾರ ತಪ್ಪೂ ಇಲ್ಲ. ಹೆಚ್ಚಿನವರಿಗೆ ಇರುವುದು ಸೌಮ್ಯ ಬಗೆಯೇ, ಅದು ಒಬ್ಬರಿಂದಲೂ ಬರಬಹುದು. ಡೆಸ್ಮೋಪ್ರೆಸಿನ್ ಎಂಬ ಔಷಧಿ ನಾಳದ ಗೋಡೆಯಲ್ಲಿ ಕೂಡಿಟ್ಟ ಪ್ರೋಟೀನನ್ನು ರಕ್ತಕ್ಕೆ ಬಿಡಿಸುತ್ತದೆ, ಟ್ರಾನೆಕ್ಸಾಮಿಕ್ ಆಸಿಡ್ ಕಟ್ಟಿದ ಹೆಪ್ಪು ಬೇಗ ಕರಗದಂತೆ ನೋಡಿಕೊಳ್ಳುತ್ತದೆ. ಯಾವುದು ಸರಿ ಎಂದು ಅವರೇ ಹೇಳಬೇಕು. ಅಲ್ಲಿಯವರೆಗೆ ಹೊಟ್ಟೆನೋವಿಗೆಂದು ಆಸ್ಪಿರಿನ್, ಐಬುಪ್ರೊಫೇನ್ ಕೊಡಬೇಡಿ, ಅವು ಪ್ಲೇಟ್‌ಲೆಟ್‌ಗಳ ಕೆಲಸವನ್ನೇ ತಡೆಯುತ್ತವೆ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಿಸಿ, ಇಷ್ಟು ರಕ್ತ ಹೋದರೆ ಕಬ್ಬಿಣದ ಅಂಶ ಇಳಿದಿರುತ್ತದೆ. ಮುಂದಿನ ಮುಟ್ಟಿನಲ್ಲಿ ದಿನಕ್ಕೆ ಎಷ್ಟು ಪ್ಯಾಡ್ ಆಯಿತು, ರಾತ್ರಿ ಎಷ್ಟು ಸಲ ಎದ್ದಳು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಪತ್ರದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, "ನನಗೂ ಹೆರಿಗೆಯಲ್ಲಿ ತುಂಬಾ ಹೋಗಿತ್ತು" ಎಂದು ಒಂದು ಸಾಲು ಸೇರಿಸಿದ್ದೀರಿ. ಹಾಗಿದ್ದರೆ ಮಗಳ ಜೊತೆ ನೀವೂ ಪರೀಕ್ಷೆಗೆ ರಕ್ತ ಕೊಟ್ಟು ಬನ್ನಿ ಅಮ್ಮ.

ಸಂಪಾದಕ