ಹೂವಿನ ‘ಮಾರು’ ಅಂದರೆ ಎಷ್ಟು, ಒಬ್ಬೊಬ್ಬರ ಹತ್ರ ಒಂದೊಂದು ಥರ ಯಾಕೆ?

ಎರಡೂ ಕೈಗಳನ್ನು ಪೂರ್ತಿ ಅಗಲಿಸಿ ಚಾಚಿದಾಗ, ಈ ಕೈಯ ನಡುಬೆರಳ ತುದಿಯಿಂದ ಆ ಕೈಯ ನಡುಬೆರಳ ತುದಿಯವರೆಗಿನ ಉದ್ದವೇ ಒಂದು ಮಾರು. ಲೆಕ್ಕಕ್ಕೆ ಸುಮಾರು 6 ಅಡಿ, ಅಂದರೆ 4 ಮೊಳ. ಮೊಳ ಅಂದರೆ ಮೊಳಕೈಯಿಂದ ನಡುಬೆರಳ ತುದಿವರೆಗೆ, ಸುಮಾರು ಒಂದೂವರೆ ಅಡಿ. ಅದರ ಅರ್ಧ ಗೇಣು.

ಇಲ್ಲಿ ಅಳತೆಗೋಲು ಮೈಯೇ ಅಲ್ವಾ? ಮನುಷ್ಯನ ಕೈಚಾಚು ಹೆಚ್ಚುಕಡಿಮೆ ಅವರವರ ಎತ್ತರದಷ್ಟೇ ಇರುತ್ತೆ, ಹಾಗಾಗಿ 5 ಅಡಿ ಎತ್ತರದ ಹೂವಾಡಗಿತ್ತಿ ಮಲ್ಲಿಗೆ ದಂಡೆಯ ತುದಿ ಹಿಡಿದು ಕೈ ಚಾಚಿ ಅಳೆದರೆ ಅವಳ ಮಾರು 5 ಅಡಿಯ ಆಸುಪಾಸೇ. ಅದು ಮೋಸ ಅಲ್ಲ. ಆದರೆ ಮೊಳಕೈ ಮಡಚಿಕೊಂಡೇ ಅಳೆದರೆ ಮಾತ್ರ ಖಂಡಿತ ಕೇಳಿ. ‘ಮಾರುದ್ದ ಜಡೆ’ ಅನ್ನೋದೂ ಇದೇ ಮಾರು.